ಓಲ್ಡ್ ಗೋವಾದಲ್ಲಿ ಉಳಿದ ಬಾಗಿಲು: ಯೂಸುಫ್ ಆದಿಲ್ ಶಾ

ಗೋವಾಕ್ಕೆ ಟೂರ್ ಹೋಗುವ ನಮ್ಮ ಹುಡುಗರು ಬೀಚ್ ನೋಡ್ತಾರೆ, ಓಲ್ಡ್ ಗೋವಾದ ಚರ್ಚ್‌ಗಳ ಮುಂದೆ ಫೋಟೊ ತೆಗೀತಾರೆ, ವಾಪಸ್ ಬರ್ತಾರೆ. ಅಲ್ಲೇ ಸೇಂಟ್ ಕ್ಯಾಜೆಟನ್ ಚರ್ಚಿನ ಬಳಿ ಕಪ್ಪು ಕಲ್ಲಿನ ಬಾಗಿಲೊಂದು ಒಂಟಿಯಾಗಿ ನಿಂತಿದೆ. ಬಿಜಾಪುರದ ಆದಿಲ್ ಶಾಹಿಗಳ ಅರಮನೆಯಲ್ಲಿ ಉಳಿದದ್ದು ಅಷ್ಟೇ. ಆ ರಾಜಮನೆತನವನ್ನು ಸ್ಥಾಪಿಸಿದವರು ಯೂಸುಫ್ ಆದಿಲ್ ಶಾ.

ಅವರ ಬಾಲ್ಯದ ಕಥೆಯನ್ನು ಬರೆದಿಟ್ಟವರು ಮುಂದೆ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ. ಅದರ ಪ್ರಕಾರ ಯೂಸುಫ್ ತುರ್ಕಿಯ ಉಸ್ಮಾನಿಯಾ ಸುಲ್ತಾನ್ ಎರಡನೇ ಮುರಾದ್‌ರ ಮಗ. 1451ರಲ್ಲಿ ತಂದೆ ತೀರಿಕೊಂಡಾಗ, ಪಟ್ಟಕ್ಕೇರಿದ ಅಣ್ಣನಿಂದ ಮಗುವಿನ ಜೀವ ಉಳಿಸಲು ತಾಯಿ ಅದನ್ನು ಗುಟ್ಟಾಗಿ ಒಬ್ಬ ವ್ಯಾಪಾರಿಯ ಕೈಗೆ ಕೊಟ್ಟರು. ಮಗು ಬೆಳೆದದ್ದು ಪರ್ಶಿಯಾದ ಸಾವೆ ಪಟ್ಟಣದಲ್ಲಿ. ಈ ಕಥೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಬೀದರಿಗೆ ಬಂದ ಮೇಲಿನ ಅವರ ಬದುಕಿನ ಬಗ್ಗೆ ಮಾತ್ರ ಅಂಥ ತಕರಾರಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್‌ರ ಆಶ್ರಯದಲ್ಲಿ ಯೂಸುಫ್ ಹಂತಹಂತವಾಗಿ ಮೇಲೇರಿದರು. 1481ರಲ್ಲಿ ಗವಾನ್‌ರಿಗೆ ಮರಣದಂಡನೆಯಾಯಿತು, ಬಹಮನಿ ರಾಜ್ಯ ಕುಸಿಯತೊಡಗಿತು. 1490ರ ಹೊತ್ತಿಗೆ ಯೂಸುಫ್ ಬಿಜಾಪುರದಲ್ಲಿ ಸ್ವತಂತ್ರರಾದರು. ಮರಾಠಾ ಮನೆತನದ ಹೆಣ್ಣುಮಗಳನ್ನು ಮದುವೆಯಾದರು.

1472ರಲ್ಲಿ ಗವಾನ್ ಗೆದ್ದಿದ್ದ ಗೋವಾ ಈಗ ಯೂಸುಫರ ಕೈಗೆ ಬಂತು. ಅರಬ್ ನಾಡಿನಿಂದ, ಪರ್ಶಿಯಾದಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳು ಇಳಿಯುತ್ತಿದ್ದದ್ದು ಇಲ್ಲೇ. ಕುದುರೆ ಇಲ್ಲದೆ ದಖ್ಖನ್‌ನಲ್ಲಿ ರಾಜ್ಯ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಪೋರ್ಚುಗೀಸರ ಕಣ್ಣು ಬಿದ್ದದ್ದೂ ಈ ಬಂದರಿನ ಮೇಲೆಯೇ.

1510ರ ಆರಂಭದಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಅದನ್ನು ವಾಪಸ್ ಪಡೆಯಿತು. ನವೆಂಬರ್ 25ರಂದು ಅವನು ಮತ್ತೆ ಗೆದ್ದ. ಆಮೇಲೆ ನಡೆದದ್ದು ಮುಸ್ಲಿಮರ ಕಗ್ಗೊಲೆ. ಹೆಂಗಸರು ಸೇರಿ ಸುಮಾರು 6000 ಮಂದಿ ಸತ್ತರೆಂದು ಅವನೇ ತನ್ನ ರಾಜನಿಗೆ ಬರೆದಿದ್ದಾನೆ. ಯೂಸುಫ್ ತೀರಿಕೊಂಡದ್ದೂ ಇದೇ ಆಸುಪಾಸಿನಲ್ಲಿ. ಅವರ ಕಬರ್ ಇರುವುದು ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಸೂಫಿ ಚಂದಾ ಹುಸೈನಿಯವರ ದರ್ಗಾದ ಹತ್ತಿರ.

ಯೂಸುಫ್ ಉಸ್ಮಾನಿಯಾ ರಾಜಕುಮಾರ ಹೌದೋ ಅಲ್ಲವೋ ಎಂಬ ಚರ್ಚೆ ಇತಿಹಾಸಕಾರರಿಗಿರಲಿ. ಆ 6000 ಮಂದಿಯ ಹೆಸರು ನಮಗೆ ಗೊತ್ತಿಲ್ಲ, ಅವರ ಊರಿನ ಗುರುತಾಗಿ ಉಳಿದಿರುವುದು ಇಂಥ ಕೆಲವು ಕಲ್ಲುಗಳು ಮಾತ್ರ. ಮುಂದಿನ ಸಲ ಹೋದಾಗ ಕರ್ಮಾಲಿ ಸ್ಟೇಷನ್‌ನಲ್ಲಿ ಇಳಿಯಿರಿ, ಓಲ್ಡ್ ಗೋವಾ ಹತ್ತಿರವೇ. ಆ ಬಾಗಿಲ ಮುಂದೆ ಐದು ನಿಮಿಷ ನಿಲ್ಲಿ. ಪಣಜಿಯಲ್ಲಿ ಮಾಂಡೋವಿ ದಂಡೆಯ ಆದಿಲ್ ಶಾ ಅರಮನೆ, ಪೋಂಡಾದಲ್ಲಿ 1560ರ ಸಫಾ ಮಸೀದಿ ಮತ್ತು ಅದರ ಕೊಳ ನೋಡಿ. ಮಕ್ಕಳು ಜೊತೆಗಿದ್ದರೆ ಅವರಿಗೂ ಈ ಕಥೆ ಹೇಳಿ.