ಕೆರೆಯ ಕಾಯಕದ ಶಿವಯೋಗಿ ಸಿದ್ಧರಾಮೇಶ್ವರರು

ಮಣ್ಣಿನ ಏರಿಯೊಂದರ ಬೆಲೆಯನ್ನು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯವರಿಗೆ ಬೇರೆ ಹೇಳಬೇಕಾದುದಿಲ್ಲ. ಮಳೆ ಕಡಮೆಯಾದ ಈ ನಾಡಿನಲ್ಲಿ, 1977ರಲ್ಲಿ ಸುವರ್ಣಾವತಿಗೆ ಮಣ್ಣಿನ ಅಣೆಕಟ್ಟು ಆಗುವುದಕ್ಕೆ ಬಹುಕಾಲ ಮೊದಲಿನಿಂದಲೂ ಕೆರೆಕಟ್ಟೆಗಳೇ ಊರುಗಳ ಜೀವಾಳವಾಗಿದ್ದುವು. ಅಂತಹ ಕೆರೆಯ ಕೆಲಸವನ್ನೇ ಶಿವಪೂಜೆಯೆಂದು ಬಗೆದು ಬಾಳಿದ ಮಹನೀಯರು 12ನೆಯ ಶತಮಾನದ ಸಿದ್ಧರಾಮೇಶ್ವರರು.

ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ, ಅವರ ಜನ್ಮಸ್ಥಳ. ತಂದೆ ಮುದ್ದುಗೌಡ, ತಾಯಿ ಸುಗ್ಗಲದೇವಿ. ಹೊಲದಲ್ಲಿ ಜಂಗಮರೂಪದಿಂದ ಕಾಣಿಸಿಕೊಂಡು ಮರೆಯಾದ ಮಲ್ಲಯ್ಯನನ್ನು ಅರಸುತ್ತ ಬಾಲಕನು ಶ್ರೀಶೈಲಕ್ಕೆ ನಡೆದ ಕಥೆಯನ್ನು ರಾಘವಾಂಕನು ತನ್ನ ಸಿದ್ಧರಾಮಚಾರಿತ್ರದಲ್ಲಿ ಹೃದಯಂಗಮವಾಗಿ ನಿರೂಪಿಸಿದ್ದಾನೆ. ಅಲ್ಲಿಂದ ಹಿಂದಿರುಗಿದವರು ಸೊನ್ನಲಿಗೆಯಲ್ಲಿ ದೇಗುಲಗಳನ್ನೆತ್ತಿಸಿ, ಸಕಲ ಜೀವಿಗಳ ದಾಹ ಹಿಂಗಿಸುವ ಕೆರೆಯನ್ನು ಕಟ್ಟಿಸಿದರು.

ಕೆರೆಯ ಕೆಲಸ ನಡೆದಿರುವಾಗಲೇ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಮಣ್ಣು ಹೊರುವವನೆಂದು ಸಿದ್ಧರಾಮರನ್ನು ಹಳಿದರು. ಕೆರಳಿದ ಕೆಲಸಗಾರರು ಕಲ್ಲೆಸೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಹಳಿದದ್ದು ಕೆರೆಯನ್ನಲ್ಲ, ಕಟ್ಟಿಸಿದವನು ನಾನೆಂಬ ಭಾವವನ್ನು. ಇದನ್ನರಿತ ಸಿದ್ಧರಾಮರು ಅವರೊಡನೆ ಕಲ್ಯಾಣಕ್ಕೆ ತೆರಳಿ, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಮುಂದೆ ಶೂನ್ಯಸಿಂಹಾಸನವನ್ನೂ ಅಲಂಕರಿಸಿದರು.

ಸೊಲ್ಲಾಪುರದ ಆ ಕೆರೆ, ಅದರ ನಡುವಣ ಸಿದ್ಧೇಶ್ವರ ದೇವಾಲಯ ಇಂದಿಗೂ ಇವೆ. ಕೆರೆ ಒಮ್ಮೆ ಕಟ್ಟಿದರೆ ಮುಗಿಯುವ ಕೆಲಸವಲ್ಲ. ಹೂಳೆತ್ತಬೇಕು, ತೂಬು ನೋಡಬೇಕು, ಏರಿಗೆ ಮಣ್ಣು ಹಾಕಬೇಕು. ಕಟ್ಟಿಸಿದವರ ಹೆಸರಿನ ಕಲ್ಲು ಉಳಿದು ನೀರು ಬತ್ತಿದರೆ ಫಲವೇನು? ವಿದ್ಯಾಸಂಸ್ಥೆಗಳನ್ನು ಕಟ್ಟಿದವರೂ, ಅವುಗಳಲ್ಲಿ ಕಲಿತವರೂ, ಕಲಿಸುವವರೂ ಸಿದ್ಧರಾಮರ ಬಾಳಿನಿಂದ ಅರಿಯಬೇಕಾದುದು ಇದನ್ನೇ.