ಶ್ರಮಿಕ ಶಿಶುಗಳ ಬಂಧು ಶಾಫ್ಟ್ಸ್‌ಬರಿ

ಪರರ ಮಕ್ಕಳ ಬಾಲ್ಯಕ್ಕಾಗಿ ಆಯುಷ್ಯವನ್ನೇ ಸವೆಸಿದ ಈ ಮಹನೀಯರು ತಮ್ಮ ಬಾಲ್ಯದಲ್ಲಿ ಸುಖ ಕಂಡವರಲ್ಲ. ಆಂಥೊನಿ ಆಶ್ಲೆ ಕೂಪರರು 1801ರ ಏಪ್ರಿಲ್ 28ರಂದು ಲಂಡನ್ನಿನ ಶ್ರೀಮಂತ ಮನೆತನದಲ್ಲಿ ಜನಿಸಿದರು. ತಂದೆ ಕಠೋರ ಸ್ವಭಾವದವರು, ತಾಯಿಯದು ಉದಾಸೀನ. ಬಾಲಕನಿಗೆ ಮಮತೆಯನ್ನುಣಿಸಿ ದೈವಭಕ್ತಿಯ ಮೊದಲ ಪಾಠ ಹೇಳಿದವಳು ಮನೆಯ ಪರಿಚಾರಿಕೆ ಮರಿಯಾ ಮಿಲ್ಲಿಸ್. ಆಕೆ ಬಿಟ್ಟುಹೋದ ಗಡಿಯಾರವನ್ನು ಅವರು ಕೊನೆಯವರೆಗೂ ಧರಿಸಿದ್ದರು.

1826ರಲ್ಲಿ ಅವರು ಪಾರ್ಲಿಮೆಂಟನ್ನು ಪ್ರವೇಶಿಸಿದರು. ಗಿರಣಿಗಳಲ್ಲಿ ಎಳೆಯ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ ದುಡಿಯುತ್ತಿದ್ದ ಕಾಲವದು. ಆ ಮಕ್ಕಳ ಪರ ವಾದಿಸುತ್ತಿದ್ದ ಸ್ಯಾಡ್ಲರರು ಚುನಾವಣೆಯಲ್ಲಿ ಸೋಲಲು, 1833ರಲ್ಲಿ ಆ ಹೊಣೆಯನ್ನು ಇವರು ವಹಿಸಿಕೊಂಡರು. ಹತ್ತು ಗಂಟೆಗಳ ದುಡಿಮೆಯ ಮಸೂದೆ ಸೋತಿತು. ಅದರ ಬದಲು ಸರ್ಕಾರವೇ ತಂದ ಶಾಸನವು 9 ವರ್ಷದೊಳಗಿನವರನ್ನು ಬಹುಪಾಲು ನೂಲು-ನೇಯ್ಗೆಯ ಗಿರಣಿಗಳಿಂದ ಬಿಡಿಸಿತು. 13ರೊಳಗಿನವರಿಗೆ ನಿತ್ಯವೂ ಎರಡು ಗಂಟೆಯ ಪಾಠವನ್ನು ವಿಧಿಸಿತು. ಉಪಾಧ್ಯಾಯರಾದವರು ಇದನ್ನು ಗಮನಿಸಬೇಕು.

ಕಲ್ಲಿದ್ದಲ ಗಣಿಗಳ ಸ್ಥಿತಿ ಇನ್ನೂ ಘೋರ. ಗಾಳಿ ಹಾಯುವ ಬಾಗಿಲನ್ನು ತೆರೆದು ಮುಚ್ಚಲು ಪುಟ್ಟ ಮಕ್ಕಳು ಕತ್ತಲಲ್ಲಿ ಒಂಟಿಯಾಗಿ ಕುಳಿತಿರುತ್ತಿದ್ದರು. 1842ರ ಆಯೋಗದ ವರದಿಯ ಚಿತ್ರಗಳನ್ನು ಕಂಡು ದೇಶವೇ ತಲೆತಗ್ಗಿಸಿತು. ಅದೇ ವರ್ಷ ಸ್ತ್ರೀಯರನ್ನೂ 10 ವರ್ಷದೊಳಗಿನ ಬಾಲಕರನ್ನೂ ಭೂಗರ್ಭದ ಕೆಲಸಕ್ಕಿಳಿಸುವುದು ನಿಷಿದ್ಧವಾಯಿತು. ಇವರು ಬಯಸಿದ್ದ ಮಿತಿ 13. ಗಣಿಗಳ ಒಡೆಯರೂ ಇದ್ದ ಪ್ರಭುಸಭೆ ಅದನ್ನು ಇಳಿಸಿತು.

ಇವರ ಬಾಳಿನಲ್ಲಿ ನನಗೆ ಹಿರಿದೆನಿಸುವುದು 1846ರ ಸಂಗತಿ. ಆಮದು ಧಾನ್ಯದ ಸುಂಕವನ್ನು ಕಾಯುವರೆಂದು ನಂಬಿ ಮತದಾರರು ಆರಿಸಿದ್ದರು. ಸುಂಕ ರದ್ದಾಗಬೇಕೆಂದು ಮನಸ್ಸು ತಿರುಗಿದೊಡನೆ ಸ್ಥಾನವನ್ನೇ ತ್ಯಜಿಸಿದರು. ಹೀಗಾಗಿ ಹದಿನಾಲ್ಕು ವರ್ಷ ಸೆಣಸಿದ ಹತ್ತು ಗಂಟೆಗಳ ಮಸೂದೆ 1847ರಲ್ಲಿ ಫೀಲ್ಡನ್ನರ ನೇತೃತ್ವದಲ್ಲಿ ಅಂಗೀಕೃತವಾದಾಗ ಇವರು ಸಭೆಯಲ್ಲಿರಲಿಲ್ಲ. ಫಲ ಕೈಗೆ ಬರುವ ಹೊತ್ತಿನಲ್ಲಿ ಪೀಠ ಬಿಡುವವರು ಎಷ್ಟು ಮಂದಿ?

1851ರಲ್ಲಿ ಪಿತ್ರಾರ್ಜಿತವಾಗಿ ಶಾಫ್ಟ್ಸ್‌ಬರಿ ಪ್ರಭುಪದವಿ ಬಂದಿತು. ತಮ್ಮ ಜಮೀನಿನ ಕೂಲಿಗಳ ಗುಡಿಸಲುಗಳೇ ಹೀನಸ್ಥಿತಿಯಲ್ಲಿದ್ದುವು. ವಿರೋಧಿಗಳು ಅದನ್ನೆತ್ತಿ ಆಡದೆ ಬಿಡಲಿಲ್ಲ. ಸಾಲಮಾಡಿ ಮನೆ ಕಟ್ಟಿಸಿದರು. ಚಿಂದಿಯುಟ್ಟ ಮಕ್ಕಳ ಉಚಿತ ಶಾಲೆಗಳ ಸಂಘಕ್ಕೆ 1844ರಿಂದ ದೀರ್ಘಕಾಲ ಅಧ್ಯಕ್ಷರಾಗಿದ್ದರು. ಹೊಗೆಗೂಡು ಗುಡಿಸಲು ಬಾಲಕರನ್ನು ಹತ್ತಿಸುವ ಕ್ರೌರ್ಯಕ್ಕೆ 1875ರ ಶಾಸನ ತಡೆಯೊಡ್ಡಿತು.

1879ರಲ್ಲಿ ಈ ವೃದ್ಧರು ಪ್ರಭುಸಭೆಯಲ್ಲಿ ಭಾರತದ ಗಿರಣಿಯ ಮಕ್ಕಳ ಮಾತೆತ್ತಿದರು. ಲ್ಯಾಂಕಾಷೈರಿನ ಮಾಲೀಕರಿಗೆ ಅದರಲ್ಲಿ ಸ್ವಾರ್ಥವಿದ್ದಿತು, ದಿಟ. ಇವರದು ಹಳೆಯ ಕಳಕಳಿಯೇ. 1881ರ ಭಾರತೀಯ ಕಾರ್ಖಾನೆ ಶಾಸನವು 7 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು.

1885ರ ಅಕ್ಟೋಬರ್ 1ರಂದು ಫೋಕ್‌ಸ್ಟನ್ನಿನಲ್ಲಿ ದೇಹಬಿಟ್ಟರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಂತ್ಯಪ್ರಾರ್ಥನೆ ನಡೆದ ದಿನ ಬಡವರು ಬೀದಿಯ ಇಕ್ಕೆಲಗಳಲ್ಲಿ ನೆರೆದಿದ್ದರು. ಸಮಾಧಿ ಮಾತ್ರ ಅವರ ಇಚ್ಛೆಯಂತೆ ಸ್ವಗ್ರಾಮ ವಿಂಬರ್ನ್ ಸೇಂಟ್ ಜೈಲ್ಸ್‌ನಲ್ಲಾಯಿತು.