ಐದು ನಿಮಿಷದ ನಿದ್ದೆಗೆ ಅರ್ಧ ಗಂಟೆ ಅಂತ ಸುಳ್ಳು ಹೇಳಿ ಜೀವ ಉಳಿಸಿದ ಶ್ಯಾಕಲ್ಟನ್

ಚಳಿ ಮೊದಲು ಕೈಕಾಲು ಹಿಡಿಯುತ್ತೆ, ಆಮೇಲೆ ಬುದ್ಧಿಯನ್ನೇ ಹಿಡಿಯುತ್ತೆ. ಮೈ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದಕ್ಕೆ ಹೈಪೋಥರ್ಮಿಯಾ ಅಂತಾರೆ. ಮಾತು ತೊದಲುತ್ತೆ, ನಡಿಗೆ ತಪ್ಪುತ್ತೆ, ನಿದ್ದೆ ಎಳೆಯುತ್ತೆ. ಆದರೆ ತನಗೆ ಏನೋ ಆಗಿದೆ ಅನ್ನೋದೇ ಆ ಮನುಷ್ಯನಿಗೆ ಗೊತ್ತಾಗಲ್ಲ. ಇದನ್ನು ಚೆನ್ನಾಗಿ ಅರಿತಿದ್ದವರು ಅರ್ನೆಸ್ಟ್ ಶ್ಯಾಕಲ್ಟನ್.

1874ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಇವರು 16ನೇ ವಯಸ್ಸಿಗೇ ಹಡಗಿನ ಕೆಲಸಕ್ಕೆ ಸೇರಿದರು. 1909ರಲ್ಲಿ ದಕ್ಷಿಣ ಧ್ರುವಕ್ಕೆ ಇನ್ನು 180 ಕಿ.ಮೀ. ಇತ್ತು. ಮುಂದೆ ಹೋದರೆ ಜೊತೆಯವರು ಜೀವಂತ ವಾಪಸ್ ಬರಲ್ಲ ಅಂತ ಅಲ್ಲಿಂದಲೇ ಹಿಂತಿರುಗಿದರು.

1914ರಲ್ಲಿ 'ಎಂಡ್ಯೂರೆನ್ಸ್' ಹಡಗಿನಲ್ಲಿ ಮತ್ತೆ ಅಂಟಾರ್ಕ್ಟಿಕಾ ಕಡೆ ಹೊರಟರು. ಹಡಗು ಮಂಜುಗಡ್ಡೆಗೆ ಸಿಕ್ಕಿ 1915ರ ನವೆಂಬರ್‌ನಲ್ಲಿ ಮುಳುಗಿತು. 28 ಜನ ಹೇಗೋ ಎಲಿಫೆಂಟ್ ದ್ವೀಪ ಸೇರಿದರು. ಸಹಾಯ ತರಲು ಶ್ಯಾಕಲ್ಟನ್ ಐದು ಜನರನ್ನು ಕರ್ಕೊಂಡು ಸಣ್ಣ ದೋಣಿಯಲ್ಲಿ ಸುಮಾರು 1,300 ಕಿ.ಮೀ. ದೂರದ ಸೌತ್ ಜಾರ್ಜಿಯಾ ದ್ವೀಪಕ್ಕೆ ಹೋದರು. ದಾರಿಯಲ್ಲಿ ಒಬ್ಬ ಜಾಸ್ತಿ ನಡುಗೋದು ಕಂಡರೆ ಎಲ್ಲರಿಗೂ ಬಿಸಿ ಹಾಲು ಕೊಡಿಸುತ್ತಿದ್ದರು. ತನ್ನಿಂದಲೇ ಅಂತ ಗೊತ್ತಾದರೆ ಅವನ ಧೈರ್ಯ ಕುಗ್ಗೀತು ಅನ್ನೋ ಯೋಚನೆ.

ಜನ ಇದ್ದದ್ದು ದ್ವೀಪದ ಆಚೆ ದಂಡೆಯಲ್ಲಿ. 1916ರ ಮೇನಲ್ಲಿ ವರ್ಸ್ಲಿ, ಕ್ರೀನ್ ಜೊತೆ ಹಿಮದ ಬೆಟ್ಟ ದಾಟಲು 36 ಗಂಟೆ ನಡೆದರು. ಒಂದು ಕಡೆ ಕೂತ ತಕ್ಷಣ ಇಬ್ಬರೂ ನಿದ್ದೆಗೆ ಜಾರಿದರು. ತಾವೂ ಮಲಗಿದರೆ ಯಾರೂ ಏಳಲ್ಲ ಅಂತ ಶ್ಯಾಕಲ್ಟನ್‌ಗೆ ಗೊತ್ತಿತ್ತು. ಐದೇ ನಿಮಿಷಕ್ಕೆ ಎಬ್ಬಿಸಿ, ಅರ್ಧ ಗಂಟೆ ಮಲಗಿದ್ರಿ ಅಂತ ಹೇಳಿ ನಡೆಸಿದರು. ಮೂವರೂ ಬದುಕಿದರು. ಆಗಸ್ಟ್ 30ಕ್ಕೆ ಎಲಿಫೆಂಟ್ ದ್ವೀಪದಲ್ಲಿದ್ದ 22 ಜನರನ್ನೂ ಕರೆತಂದರು. 28ರಲ್ಲಿ ಒಬ್ಬರೂ ಸಾಯಲಿಲ್ಲ.

1922ರ ಜನವರಿ 5ರಂದು ಅದೇ ಸೌತ್ ಜಾರ್ಜಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ.

ನಮ್ಮ ಕಡೆಯಿಂದ ಕೇದಾರನಾಥಕ್ಕೆ, ಹಿಮಾಲಯ ಟ್ರೆಕ್ಕಿಂಗ್‌ಗೆ ಹೋಗುವವರು ಇದನ್ನು ನೆನಪಿಡಬೇಕು. ಜೊತೆಯವರು ತೊದಲಿದರೆ, ಎಡವಿದರೆ, ಏನೂ ಆಗಿಲ್ಲ ಅಂದರೂ ನಂಬಬೇಡಿ. ನಡುಕ ನಿಂತು ಮಂಕಾದರೆ ಅದು ಅಪಾಯ, ಗುಣ ಅಲ್ಲ. ಗಾಳಿ ಇಲ್ಲದ ಕಡೆ ಕೂರಿಸಿ. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ. ಪೂರ್ತಿ ಎಚ್ಚರ ಇದ್ದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬೇಡಿ, ಕೈಕಾಲು ಉಜ್ಜಬೇಡಿ. ತಡ ಮಾಡದೆ ಆಸ್ಪತ್ರೆಗೆ ಸೇರಿಸಿ.